ಕೋಮಲಳ ಕೈಯ ಹೆಪ್ಪು

ಹಾಸನದ ಕಾಲೇಜಿನ ಲ್ಯಾಬಿನಲ್ಲಿ ಯಮುನಾ ಕರೆದರೆ ಬಾರದ ಬ್ಯಾಕ್ಟೀರಿಯಾ ಇರಲಿಲ್ಲ. ಭೇದಿ ತರಿಸುವವು, ವಾಂತಿ ತರಿಸುವವು, ಆಳನ್ನು ಹಾಸಿಗೆಗೆ ಕೆಡವಿ ಮಜಾ ನೋಡುವವು, ಎಲ್ಲವೂ ಅವಳ ಗಾಜಿನ ತಟ್ಟೆಗಳಲ್ಲಿ ಸಂಸಾರ ಹೂಡಿ ಸುಖವಾಗಿದ್ದವು. ಚನ್ನರಾಯಪಟ್ಟಣದ ಪಾನಿಪೂರಿ ಗಾಡಿಗಳಿಂದ, ಶ್ರವಣಬೆಳಗೊಳದ ದಾರಿಯ ಮಜ್ಜಿಗೆ ಅಂಗಡಿಗಳಿಂದ, ಅರಕಲಗೂಡಿನ ಸಂತೆಯ ಸಿಹಿತಿಂಡಿಯಿಂದ ಚೂರು ಚೂರು ತಂದು, ಯಾವುದರಲ್ಲಿ ಯಾವ ಕೆಡುಕು ಅಡಗಿದೆ ಎಂದು ಹುಡುಕುವುದೇ ಅವಳ ಸಂಶೋಧನೆ. ಅಂಥವಳು ಮನೆಯಲ್ಲಿ ಒಂದು ಪಾತ್ರೆ ಹಾಲಿಗೆ ಹೆಪ್ಪು ಹಾಕಿದರೆ ಅದು ಮಾತ್ರ ಮೊಸರಾಗುತ್ತಿರಲಿಲ್ಲ.

ಯಾವಾಗಲೂ ಅಲ್ಲ ಅನ್ನಿ. ಒಂದೊಂದು ವಾರ ಚೆನ್ನಾಗಿಯೇ ಆಗುತ್ತಿತ್ತು. ಆದರೆ ಬಹಳಷ್ಟು ಭಾನುವಾರ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇರುತ್ತಿತ್ತು, ಇಲ್ಲವೇ ಲೋಳೆಲೋಳೆಯಾಗಿ ಪಾತ್ರೆಯ ಅಂಚಿಗೆ ಜಾರುತ್ತಿತ್ತು. ಗಂಡ ಸುನೀಲ್‌ಕುಮಾರ್ ಹೈಸ್ಕೂಲ್ ಮೇಷ್ಟ್ರು, ಮಾತು ಕಮ್ಮಿ. ಅವನು ಅಡುಗೆಮನೆಗೆ ಇಣುಕಿ ನೋಡಿ, ಏನೂ ಅನ್ನದೆ, ಅಂಗಡಿಗೆ ಹೋಗಿ ಮೊಸರಿನ ಪ್ಯಾಕೆಟ್ ತಂದು ಮೇಜಿನ ಮೇಲೆ ಇಡುತ್ತಿದ್ದ. ಬಾಯಿಬಿಟ್ಟು ಬೈದಿದ್ದರೂ ಅವಳಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಹಾಲು ಬರುತ್ತಿದ್ದುದು ಹಳ್ಳಿಮೈಸೂರಿನ ಅವನ ಮನೆಯಿಂದ. ಶನಿವಾರ ಮಧ್ಯಾಹ್ನ ಸ್ಕೂಲು ಮುಗಿಸಿ ಅವನು ಬೈಕಿನಲ್ಲಿ ಊರಿಗೆ ಹೋಗಿ ಅಪ್ಪ ಅಮ್ಮನನ್ನು ಮಾತಾಡಿಸಿ, ಸಂಜೆಗೆ ಕಾಸಿದ ಹಾಲಿನ ಕ್ಯಾನು ಹಿಡಿದು ವಾಪಸು ಬರುತ್ತಿದ್ದ. ಜೊತೆಗೊಂದು ಸ್ಟೀಲ್ ಡಬ್ಬಿಯಲ್ಲಿ ಹೆಪ್ಪು. ಹೆಪ್ಪು ಕಳಿಸುತ್ತಿದ್ದವಳು ಕೋಮಲಾ, ಮೈದುನ ನಂಜುಂಡೇಶನ ಹೆಂಡತಿ, ಯಮುನಾಳ ಓರಗಿತ್ತಿ. ಅದೇ ಮನೆಯ ಹಾಲು, ಅದೇ ಡಬ್ಬಿಯ ಹೆಪ್ಪು. ಅಲ್ಲಿ ಕೋಮಲಾ ಹಾಕಿದರೆ ಬಂಡೆಯಂಥ ಮೊಸರು, ಇಲ್ಲಿ ಯಮುನಾ ಹಾಕಿದರೆ ಲೋಳೆ. ವ್ಯತ್ಯಾಸ ಎಲ್ಲಿದೆ ಎಂದು ಹಳ್ಳಿಮೈಸೂರಿನ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ.

"ಕೈ ಕಣವ್ವ," ಎನ್ನುತ್ತಿದ್ದಳು ಅತ್ತೆ ಅಣ್ಣಮ್ಮ. "ಅದೆಲ್ಲ ಓದಿದ್ರೆ ಬರಾದಲ್ಲ. ಕೋಮಲನ ಕೈಗುಣ ಅಂಗೈತೆ."

ಮಾವ ರಂಗಯ್ಯ ಊಟದ ಕೊನೆಗೆ ಮೊಸರು ಬಡಿಸಿಕೊಳ್ಳುವಾಗ ದಿನವೂ ಒಂದೇ ಮಾತು ಹೇಳುತ್ತಿದ್ದರು. "ಕುಡ್ಲು ತಗಂಡು ಕುಯ್ಬೇಕು ಕಣ್ಲಾ ಇದ್ನ!" ಆ ಮಾತಿಗೆ ಎಲ್ಲರೂ ದಿನವೂ ನಗುತ್ತಿದ್ದರು. ಕೋಮಲಾ ತಲೆ ತಗ್ಗಿಸಿ ಇನ್ನೊಂದು ಸೌಟು ಹಾಕುತ್ತಿದ್ದಳು. ಆ ತಲೆ ತಗ್ಗಿಸುವುದಿದೆಯಲ್ಲ, ಯಮುನಾಗೆ ಅದನ್ನು ಕಂಡರೇ ಮೈಯೆಲ್ಲ ಉರಿಯುತ್ತಿತ್ತು.

ಮುಚ್ಚಿಡುವುದೇನು, ಅವಳಿಗೆ ಹೊಟ್ಟೆಕಿಚ್ಚು. ಹೊಟ್ಟೆಯ ಸಕಲ ರೋಗಗಳ ಮೂಲ ಹುಡುಕಿ ಹೊರಟವಳಿಗೆ ಈ ಒಂದು ರೋಗ ಮದುವೆಯಾದ ಮೇಲೆ ಅಂಟಿಕೊಂಡು, ಮಲ್ಲಿಪಟ್ಟಣದ ಕಡೆಯಿಂದ ಕೋಮಲಾ ಸೊಸೆಯಾಗಿ ಬಂದ ಮೇಲೆ ಹೆಚ್ಚಾಗಿತ್ತು. ಯಮುನಾ ಚನ್ನರಾಯಪಟ್ಟಣದ ಪೇಟೆಯವಳು. ಡಾಕ್ಟರೇಟು ಮಾಡಿದವಳು. ಅವಳ ಲೇಖನ ಪತ್ರಿಕೆಯಲ್ಲಿ ಬಂದಾಗ ಊರಿನ ಮನೆಗೆ ಫೋನು ಮಾಡಿದರೆ ಅತ್ತೆ "ಒಳ್ಳೇದಾಗ್ಲಿ ಕಣವ್ವ" ಎಂದು, ಅದೇ ಉಸಿರಿನಲ್ಲಿ, ಕೋಮಲಾ ಇವತ್ತು ಮಾಡಿದ ಹುಳಿ ಹೇಗಿತ್ತು ಅಂತ ಶುರುಮಾಡಿದ್ದಳು. ಯಮುನಾಗೆ ಬೇಕಿದ್ದುದು ದೊಡ್ಡದೇನಲ್ಲ. ಆ ಮನೆಯಲ್ಲಿ ಯಾವುದೋ ಒಂದು ವಿಷಯಕ್ಕೆ, ಒಂದೇ ಒಂದು ಸಲ, ಅತ್ತೆ ಅವಳನ್ನು ಕೋಮಲಳಿಗಿಂತ ಮೇಲೆ ಇಡಬೇಕಿತ್ತು.

ಯುಗಾದಿಗೆ ಹೋದಾಗ ಅವಳು ಪ್ರಯತ್ನವನ್ನೂ ಮಾಡಿದ್ದಳು. ಹೋಳಿಗೆ ಊಟವಾಗಿ ಎಲ್ಲರೂ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಾಗ ಫೋನು ತೆಗೆದು ತನ್ನ ಲ್ಯಾಬಿನ ಫೋಟೋಗಳನ್ನು ತೋರಿಸಿದಳು. ತಟ್ಟೆಯ ತುಂಬ ಮಬ್ಬಾಗಿ ಹರಡಿದ ಬ್ಯಾಕ್ಟೀರಿಯಾ, ನಡುನಡುವೆ ಔಷಧಿಯಲ್ಲಿ ನೆನೆಸಿದ ಪುಟ್ಟ ಕಾಗದದ ಬಿಲ್ಲೆಗಳು, ಪ್ರತಿ ಬಿಲ್ಲೆಯ ಸುತ್ತ ತಿಳಿಯಾದ ಒಂದು ಉಂಗುರ. "ನೋಡಿ, ನಮ್ಮ ಹೊಟ್ಟೆ ಕೆಡಿಸೋ ಹುಳ ಇವು. ಔಷಧಿ ಇಟ್ಟ ಕಡೆ ಹತ್ತಿರಾನೇ ಬರಲ್ಲ, ಸತ್ತು ಹೋಗ್ತವೆ," ಎಂದಳು. ರಂಗಯ್ಯ ಆಕಳಿಸಿದರು. ನಂಜುಂಡೇಶ "ಅಂಗಾರೆ ನಮ್ಮತ್ಗೆ ಉಳದ ಮೇಡಮ್ಮು" ಎಂದು ನಕ್ಕ. ಅಣ್ಣಮ್ಮ ಮಾತ್ರ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ಕೊಟ್ಟಳು. ಅಷ್ಟರಲ್ಲಿ ಕೋಮಲಾ ಮಜ್ಜಿಗೆ ತಂದಳು, ಮಾತು ಮಜ್ಜಿಗೆಯ ಕಡೆಗೆ ಹರಿದುಹೋಯಿತು. ಯಮುನಾ ಫೋನು ಚೀಲಕ್ಕೆ ಹಾಕಿಕೊಂಡು, ಇನ್ನು ಈ ಮನೆಯಲ್ಲಿ ಬಾಯಿ ಬಿಟ್ಟರೆ ಕೇಳು ಎಂದುಕೊಂಡಳು.

ಅಂದಿನಿಂದ ಅವಳ ಕಣ್ಣು ಕೋಮಲಳ ಕೈಯ ಮೇಲೆ ಬಿತ್ತು. ಕೋಮಲಾ ಹೆಪ್ಪನ್ನು ಚಮಚದಲ್ಲಿ ಹಾಕುತ್ತಿರಲಿಲ್ಲ. ಎರಡು ಬೆರಳಲ್ಲಿ ತೆಗೆದು, ಬೆಚ್ಚಗಿನ ಹಾಲಿನಲ್ಲಿ ಬೆರಳು ಅದ್ದಿ ಕದಡುತ್ತಿದ್ದಳು. ಕೊಟ್ಟಿಗೆ ಗುಡಿಸುವ ಕೈ, ಸಗಣಿ ಬಾಚುವ ಕೈ! ಇಂಥ ಕೈಗಳಿಂದ ಏನೇನು ಊಟಕ್ಕೆ ಸೇರುತ್ತದೆ ಎಂದು ಯಮುನಾ ವರ್ಷವಿಡೀ ಪಾಠ ಹೇಳುವವಳು. ಆ ಕೈಯಲ್ಲಿ ಏನಾದರೂ ಇದ್ದೇ ಇರುತ್ತದೆ ಎಂದು ಅವಳಿಗೆ ಅನಿಸಿತು. ಇರಲಿ ಎಂದು ಮನಸ್ಸು ಬಯಸಿತು ಕೂಡ.

ಅದಕ್ಕೇ ಒಂದು ಭಾನುವಾರ ಹತ್ತಿ ಸುತ್ತಿದ ಕಡ್ಡಿಗಳ ಪೊಟ್ಟಣ ತೆಗೆದುಕೊಂಡು ತಾನೇ ಹಳ್ಳಿಮೈಸೂರಿಗೆ ಹೋದಳು.

"ಪ್ರಾಜೆಕ್ಟಿಗೆ ಬೇಕು ಕೋಮಲಾ, ಕೈ ಕೊಡು."

"ತೊಳ್ಕಂಡ್ ಬರ್ಲಾ ಅಕ್ಕ?"

"ಬೇಡ ಬೇಡ, ಹೆಪ್ಪು ಹಾಕೋಕೆ ಮುಂಚೆ ಹೆಂಗಿರುತ್ತೋ ಹಂಗೇ ಇರಲಿ."

"ಎಪ್ಪಾಕಾಕೆ ಮುಂಚೆ ತೊಳ್ಕತೀನಲ್ಲಕ್ಕ," ಎಂದು ಕೋಮಲಾ ಹೋಗಿ ಸೋಪು ಹಚ್ಚಿ, ಮೊಣಕೈವರೆಗೂ ತೊಳೆದು ಬಂದು, ಪರೀಕ್ಷೆ ಬರೆಯುವ ಹುಡುಗಿಯ ಹಾಗೆ ಎರಡೂ ಕೈ ಚಾಚಿ ನಿಂತಳು. ಯಮುನಾ ಉಗುರಿನ ಸಂದಿ ಬಿಡದೆ ಒರೆಸಿಕೊಂಡಳು. ಹೆಪ್ಪಿನ ಡಬ್ಬಿಯಿಂದ ಒಂದಿಷ್ಟು, ಮೊಸರಿನ ಮಡಕೆಯ ಒಳಮೈಯಿಂದ ಒಂದಿಷ್ಟು. ಬಾಗಿಲಲ್ಲಿ ನಿಂತ ಅಣ್ಣಮ್ಮ "ಅವಳ ಕೈಲಿ ಏನು ಉಳ ಇದ್ದಾತವ್ವ?" ಎಂದು ನಕ್ಕಳು. ಸಿಕ್ಕಾಗ ತೋರಿಸುತ್ತೇನೆ ಎಂದುಕೊಂಡಳು ಯಮುನಾ.

ಸಿಗಲಿಲ್ಲ. ತಟ್ಟೆಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು, ಕೆಡುಕಿನದು ಒಂದೂ ಇಲ್ಲ. ಕೋಮಲಳ ಕೈ ಕಾಲೇಜಿನ ಕ್ಯಾಂಟೀನಿನವರ ಕೈಗಿಂತ ಎಷ್ಟೋ ಚೊಕ್ಕವಾಗಿತ್ತು. ಬೇರೆ ಯಾರದಾದರೂ ಆಗಿದ್ದರೆ ಯಮುನಾ ಸಂತೋಷಪಡುತ್ತಿದ್ದಳು. ಈಗ ಅವಳಿಗೆ ಅಳುವಷ್ಟು ನಿರಾಸೆಯಾಯಿತು. ಇಂಥ ವಿಷಯಕ್ಕೆ ನಿರಾಸೆಯಾದದ್ದಕ್ಕೆ ನಾಚಿಕೆಯೂ ಆಯಿತು, ಆದರೆ ನಾಚಿಕೆ ಬೇಗ ಹೋಯಿತು, ನಿರಾಸೆ ಉಳಿಯಿತು.

ಹಾಗಾದರೆ ತನಗೆ ಕೊಡುವ ಹೆಪ್ಪೇ ಕೆಟ್ಟದ್ದಿರಬೇಕು. ಅದೇ ಡಬ್ಬಿಯ ಹೆಪ್ಪನ್ನು ಲ್ಯಾಬಿನಲ್ಲೇ ಪ್ಯಾಕೆಟ್ ಹಾಲಿಗೆ ಹಾಕಿದಳು. ಮರುದಿನ ಬೆಳಿಗ್ಗೆ ಬೀಕರಿನಲ್ಲಿ ಕೂತಿತ್ತು ಮೊಸರು, ಬೋರಲು ಹಾಕಿದರೂ ಬೀಳದಂಥದ್ದು. ಯಮುನಾ ಬೀಕರನ್ನು ಕೈಗೆತ್ತಿಕೊಂಡು ಲೆಕ್ಕ ಹಾಕಿದಳು. ಹೆಪ್ಪು ಸರಿಯಾಗಿದೆ. ಹಾಕಿದ್ದು ಇದೇ ಕೈ, ಅಂದರೆ ಕೈಯೂ ಸರಿಯಾಗಿದೆ. ಇನ್ನು ಉಳಿದದ್ದು ಒಂದೇ, ಹಾಲು. ಬೇರೆಯವರ ಹಾಲನ್ನೆಲ್ಲ ಪರೀಕ್ಷೆ ಮಾಡುತ್ತಾ ಬಂದವಳು ತನ್ನ ಮನೆಯ ಪಾತ್ರೆಯ ಹಾಲನ್ನು ಒಂದು ದಿನವೂ ಲ್ಯಾಬಿಗೆ ತಂದಿರಲಿಲ್ಲ. ಅತ್ತೆ ಕೈಗುಣ ಎಂದಿದ್ದನ್ನು ಈ ಡಾಕ್ಟರೇಟಿನ ಹೆಂಗಸು ಒಳಗೊಳಗೇ ನಂಬಿಬಿಟ್ಟಿದ್ದಳು!

ಫ್ರಿಜ್ಜಿನಲ್ಲಿ ಉಳಿದಿದ್ದ ಊರಿನ ಹಾಲು ತಂದಳು. ಔಷಧಿ ಸೋಕಿದರೆ ಸಾಯುವಂಥ ಒಂದು ನಿರಪಾಯದ ಬ್ಯಾಕ್ಟೀರಿಯಾವನ್ನು ತಟ್ಟೆಯ ತುಂಬ ಹರಡಿ, ಒಂದು ಬಿಲ್ಲೆಯನ್ನು ಊರಿನ ಹಾಲಿನಲ್ಲಿ, ಇನ್ನೊಂದನ್ನು ಪ್ಯಾಕೆಟ್ ಹಾಲಿನಲ್ಲಿ ಅದ್ದಿ ಇಟ್ಟಳು. ಮಾರನೆಯ ದಿನ ಅವಳಿಗಿಂತ ಮುಂಚೆ ಅದನ್ನು ನೋಡಿದವಳು ಅವಳ ಸಂಶೋಧನಾ ವಿದ್ಯಾರ್ಥಿನಿ ಅನುಶ್ರೀ.

"ಮೇಡಂ, ಇದೇನು ಹಾಲಾ, ಔಷಧಿನಾ?"

ಪ್ಯಾಕೆಟ್ ಹಾಲಿನ ಬಿಲ್ಲೆಯ ಸುತ್ತ ಏನೂ ಇರಲಿಲ್ಲ. ಊರಿನ ಹಾಲಿನ ಬಿಲ್ಲೆಯ ಸುತ್ತ ತಿಳಿಯಾದ, ಅಗಲವಾದ ಉಂಗುರ ಮೂಡಿತ್ತು.

ಯಮುನಾಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಸುವಿಗೆ ಕೆಚ್ಚಲು ಬಾವು ಬಂದರೆ ಸೂಜಿ ಹಾಕುತ್ತಾರೆ. ಸೂಜಿಯ ಔಷಧಿ ಕೆಲವು ದಿನ ಹಾಲಿನಲ್ಲಿ ಇಳಿಯುತ್ತದೆ. ಕಾಸಿದರೂ ಪೂರ್ತಿ ಹೋಗುವುದಿಲ್ಲ. ಹಾಲನ್ನು ಮೊಸರು ಮಾಡುವ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಅದು ಕೊಲ್ಲುತ್ತದೆ. ಅಂಥ ಹಾಲನ್ನು ಡೈರಿಯಲ್ಲಿ ತೆಗೆದುಕೊಳ್ಳುವುದಿಲ್ಲ, ಮನೆಯಲ್ಲೂ ಬಳಸಬಾರದು. ಹಳ್ಳಿಮೈಸೂರಿನ ಮನೆಗೆ ಹೋದ ವರ್ಷ ಬಂದ ಕಪ್ಪು ಸೀಮೆಹಸುವಿಗೆ ಮೇಲಿಂದ ಮೇಲೆ ಕೆಚ್ಚಲು ಬಾವು. ಹಾಲು ಕರೆಯುವವಳು ಕೋಮಲಾ.

ಮೊದಲು ಬಂದದ್ದು ಸಿಟ್ಟಲ್ಲ, ಖುಷಿ. ಸಿಕ್ಕಿಬಿದ್ದಳು! ಡೈರಿಗೆ ಬೇಡದ ಹಾಲನ್ನು ಹಾಸನಕ್ಕೆ ಸಾಗಿಸಿ, ಅಲ್ಲಿ ಮೊಸರಾಗದೆ ಹೋದರೆ ತಲೆ ತಗ್ಗಿಸಿ ಕೈಗುಣದ ಹೊಗಳಿಕೆ ಗಿಟ್ಟಿಸುತ್ತಿದ್ದಾಳೆ ಕಳ್ಳಿ. ಖುಷಿಯ ಹಿಂದೆಯೇ ಇನ್ನೊಂದು ನೆನಪಾಯಿತು. ಆ ಹಾಲನ್ನು ಮೊಸರಿಗೆ ಮಾತ್ರವಲ್ಲ, ಮಗಳು ತೇಜಶ್ರೀಗೆ ಲೋಟ ಲೋಟ ಕುಡಿಸಿದ್ದಾಳೆ. ಒಂದನೇ ಕ್ಲಾಸಿನ ಆ ಮಗುವಿಗೆ ಮೊದಲೇ ಹೊಟ್ಟೆ ಸೂಕ್ಷ್ಮ. ಈ ವರ್ಷವಂತೂ ತಿಂಗಳು ಬಿಟ್ಟು ತಿಂಗಳು ಭೇದಿ, ಡಾಕ್ಟರು ಕೊಟ್ಟ ಮಾತ್ರೆ ನಾಟುತ್ತಿರಲಿಲ್ಲ. ಸಣ್ಣ ಸಣ್ಣ ಪ್ರಮಾಣದ ಔಷಧಿ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಂದು, ಕೆಟ್ಟವಕ್ಕೆ ಸಾಯದಿರುವುದನ್ನು ಕಲಿಸುತ್ತದೆ ಎಂದು ಬೋರ್ಡಿನ ಮೇಲೆ ಬರೆಯುವ ತಾಯಿಯೇ ಅದನ್ನು ಸಕ್ಕರೆ ಹಾಕಿ ಕುಡಿಸಿದ್ದಳು. ಈಗ ಸಿಟ್ಟು ಬಂತು, ಅಷ್ಟೂ ಕೋಮಲಳ ಮೇಲೆ.

ಆ ಶನಿವಾರ ಗಂಡನ ಬೈಕಿನ ಹಿಂದೆ ಕೂತು ಹೊರಟಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದಳು. ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಆದರೆ ಕೋಮಲಳನ್ನು ಎಲ್ಲರ ಎದುರಿಗೆ ಹೊಗಳಿದ್ದಾರೆ, ಎಲ್ಲರ ಎದುರಿಗೇ ಇಳಿಯಲಿ ಎಂಬುದು ಅವಳ ಹಟ.

ಊಟಕ್ಕೆ ಕೂತರು. ಕೋಮಲಾ ಬಡಿಸುತ್ತಿದ್ದಳು, ಮುಖ ಬಾಡಿತ್ತು. ಅವಳ ಮಗಳು ಯಶಸ್ವಿನಿ ಕಾಣಲಿಲ್ಲ. "ಎಲ್ಲಿ ಯಶು?" ಎಂದು ಸುನೀಲ ಕೇಳಿದ್ದಕ್ಕೆ "ಶೀತ ಆಗೈತೆ ಭಾವ, ಮಲಗವ್ಳೆ" ಎಂದಳು. ಮೊಸರಿನ ಪಾತ್ರೆ ಬಂತು. ರಂಗಯ್ಯ ಕುಡುಗೋಲಿನ ಮಾತಿಗೆ ಬಾಯಿ ತೆರೆಯುವುದರೊಳಗೆ ಯಮುನಾ ಫೋನನ್ನು ಅತ್ತೆಯ ತಟ್ಟೆಯ ಪಕ್ಕದಲ್ಲಿ ಇಟ್ಟಳು.

"ಅತ್ತೆ, ನನ್ನ ಕೈಲಿ ಮೊಸರು ಯಾಕೆ ಆಗಲ್ಲ ಅಂತ ಗೊತ್ತಾಯ್ತು. ಸೂಜಿ ಹಾಕಿದ ಹಸುವಿನ ಹಾಲು ನಮ್ಮನೆಗೆ ಬರ್ತಿದೆ. ಡೈರಿಗೆ ಹಾಕೋ ಹಂಗಿಲ್ಲದ ಹಾಲು. ಯಾರು ಹಾಕಿ ಕಳಿಸ್ತಿದ್ರು ಅಂತ ಕೋಮಲಾನ್ನ ಕೇಳಿ."

ಸೌಟು ಹಿಡಿದ ಕೋಮಲಾ ನಿಂತಲ್ಲೇ ನಿಂತಳು. ನಂಜುಂಡೇಶ ಹೆಂಡತಿಯ ಕಡೆ ತಿರುಗಿದ. "ಏನಮ್ಮಿ ಇದು?"

"ಅವಳ್ಯಾಕಾಕಾಳು?" ಎಂದಳು ಅಣ್ಣಮ್ಮ, ಅನ್ನ ಕಲಸುತ್ತಲೇ. "ಶನಿವಾರದ ಕ್ಯಾನ್ ತುಂಬೋಳು ನಾನು. ನಾನೇ ಕಣವ್ವ ಆಕಿದ್ದು."

ಯಮುನಾಗೆ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. "ಯಾಕತ್ತೆ?"

"ಇನ್ಯಾಕೆ? ಮಗೀಗೆ." ಇದೂ ಒಂದು ಪ್ರಶ್ನೆಯೇ ಎನ್ನುವಂತೆ ಅಣ್ಣಮ್ಮ ತಲೆಯೆತ್ತಿದಳು. "ಯುಗಾದೀಲಿ ನೀನೇ ಏಳ್ನಿಲ್ವಾ, ಔಸ್ತಿ ಇಕ್ಕಿದ್ ಕಡೆ ವಟ್ಟೆ ಉಳ ಬರಾಕಿಲ್ಲ, ಸತ್ತೋಯ್ತವೆ ಅಂತ? ಪೋನಲ್ಲಿ ತೋರ್ಸಿದೆಯಲ್ಲ, ರೌಂಡು ರೌಂಡಾಗಿ. ನಮ್ ತೇಜುಗೆ ಯಾವಾಗ್ ನೋಡುದ್ರೂ ವಟ್ಟೆ ಕೆಟ್ಟಿರ್ತದೆ. ಅದಕೂ ಮೊದ್ಲಿಂದ್ಲೂ ದನದ ಡಾಕ್ಟ್ರು ಏಳ್ತಾನೇ ಅವ್ರೆ, ಈ ಅಸಿನ ಆಲಲ್ಲಿ ಔಸ್ತಿ ಬತ್ತದೆ, ಡೈರಿಗಾಕ್ಬ್ಯಾಡಿ ಅಂತ. ಚೆಲ್ಲಕ್ಕೆ ಮನಸು ಬರದೆ ಆಗೊಂದೀಟು ಈಗೊಂದೀಟು ನಿಮ್ ಕ್ಯಾನಿಗೆ ಬೆರೆಸ್ತಿದ್ದೆ. ನೀನು ಏಳುದ್ ಮ್ಯಾಲೆ ನಂಗೆ ತಿಳೀತು. ಡೈರಿಯೋರಿಗೆ ಕಾಯ್ಲೆ ಇಲ್ಲ, ಅವ್ರಿಗ್ ಬ್ಯಾಡ. ಕಾಯ್ಲೆ ಇರಾದು ನಮ್ ಮಗೀಗೆ. ಡಾಕ್ಟ್ರತ್ರ ಸೂಜಿ ಚುಚ್ಚುಸ್ಕಂಡ್ರೆ ಕಿರುಚ್ತದೆ ಪಾಪ, ಆಲಲ್ಲೇ ಓದ್ರೆ ಗೊತ್ತೂ ಆಗಾಕಿಲ್ಲ. ಅದಕೇ ಆ ಆಲ ಬ್ಯಾರೆ ಕಾಸಿ, ಈ ಮನೇಲಿ ಯಾರೂ ಮುಟ್ದಂಗೆ ಎತ್ತಿಟ್ಟು, ನಿಂಗೇ ಕಳಿಸ್ತಿದ್ದೆ."

ಅಂದು ಜಗಲಿಯಲ್ಲಿ ಅವಳ ಮಾತನ್ನು ಮನಸ್ಸಿಟ್ಟು ಕೇಳಿಸಿಕೊಂಡವಳು ಆ ಮನೆಯಲ್ಲಿ ಒಬ್ಬಳಿದ್ದಳು. ಕೇಳಿದ್ದನ್ನು ನಂಬಿ, ನಂಬಿದ್ದನ್ನು ವಾರವಾರವೂ ಕ್ಯಾನಿಗೆ ತುಂಬಿದ್ದಳು. ತನಗೆ ಈ ಮನೆಯಲ್ಲಿ ಏನು ಸಿಗಲಿಲ್ಲವೆಂದು ಯಮುನಾ ಇಷ್ಟು ವರ್ಷ ಒಳಗೇ ಬೇಯುತ್ತಿದ್ದಳೋ, ಅದು ಬೈಕಿನ ಮೇಲೆ ಅವಳ ಅಡುಗೆಮನೆಗೇ ಬರುತ್ತಿತ್ತು.

ಅವಳು ಸಾಧ್ಯವಾದಷ್ಟು ಮೆತ್ತಗೆ ಹೇಳಿದಳು. ಆ ಔಷಧಿ ಹಸುವಿನ ತೂಕಕ್ಕೆ ಕೊಟ್ಟದ್ದು. ಮಗುವಿನ ಹೊಟ್ಟೆಯಲ್ಲಿ ಇರಲೇಬೇಕಾದ ಒಳ್ಳೆಯ ಹುಳಗಳೂ ಇವೆ, ಅವೂ ಸಾಯುತ್ತವೆ. ಕೆಟ್ಟವು ಔಷಧಿಗೆ ಪಳಗಿ, ನಿಜವಾಗಿ ಔಷಧಿ ಬೇಕಾದಾಗ ಬಗ್ಗುವುದಿಲ್ಲ. ಅಣ್ಣಮ್ಮನ ಕೈ ತಟ್ಟೆಯಲ್ಲೇ ನಿಂತಿತು.

"ಅಂಗಾರೆ ನಾನೇ ಮಗೀಗೆ ಇಸ ಆಕ್ದಂಗಾಯ್ತಾ?"

"ವಿಷ ಅಲ್ಲ ಅತ್ತೆ. ನಿಲ್ಲಿಸಿದರೆ ಸರಿಹೋಗುತ್ತೆ, ಡಾಕ್ಟ್ರಿಗೂ ತೋರಿಸ್ತೀನಿ. ನಾನು ಅವತ್ತು ಸರಿಯಾಗಿ ಬಿಡಿಸಿ ಹೇಳಬೇಕಿತ್ತು."

ರಂಗಯ್ಯ ಮುಂದಿದ್ದ ಮೊಸರನ್ನು ಮುಟ್ಟದೆ ಎದ್ದು ಕೈ ತೊಳೆಯಲು ಹೋದರು. ಅಣ್ಣಮ್ಮ ಸೆರಗು ಬಾಯಿಗೆ ಹಿಡಿದುಕೊಂಡು ಕೂತಳು. ಇಷ್ಟೆಲ್ಲ ಆಗುತ್ತಿರುವಾಗಲೂ ಯಮುನಾ ಏನು ಮಾಡಿದಳು ಗೊತ್ತೇ? ಕಣ್ಣಂಚಿನಲ್ಲಿ ಕೋಮಲಳನ್ನು ನೋಡಿದಳು. ಯಾರೂ ಮುಟ್ಟದಂತೆ ಎತ್ತಿಟ್ಟಿದ್ದು ತನಗೆ ಎಂಬ ಮಾತು ಅವಳಿಗೆ ಸರಿಯಾಗಿ ತಾಗಿತೋ ಇಲ್ಲವೋ ಎಂದು. ತಾಗಿತ್ತು. ಕೋಮಲಳ ಮುಖದಲ್ಲಿ ರಕ್ತವೇ ಇರಲಿಲ್ಲ. ಯಮುನಾಗೆ ಒಂದು ಕ್ಷಣ ಹಾಯೆನಿಸಿತು.

ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಾಗ ಕೋಮಲಾ ಹಿಂದೆಯೇ ಬಂದಳು. ನೈಟಿಯ ಮೇಲೆ ಹೊದ್ದ ಟವಲಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಅಕ್ಕ, ಯಶುಗೆ ಶೀತ ಅಲ್ಲ. ಭೇದಿ. ನಾಕು ದಿನ ಆಯ್ತು, ಮಾತ್ರೆ ಕೊಟ್ರೂ ನಿಲ್ತಾ ಇಲ್ಲ."

"ಮತ್ತೆ ಯಾಕೆ ಸುಳ್ಳು ಹೇಳಿದೆ?"

"ನೀವ್ ಬಂದಿದ್ರಲ್ಲ. ನನ್ ಕೈ ಊಟ ಉಣ್ಣೋ ಮಗೀಗೇ ವಟ್ಟೆ ಕೆಟ್ಟೈತೆ ಅಂತ ನಿಮ್ಮೆದ್ರಿಗೆ ಎಂಗೇಳನ?" ಅವಳು ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿದಳು. "ಆ ಆಲು... ಡೈರಿಯೋರು ಬ್ಯಾಡ ಅಂದಿದ್ದು ನಂಗೂ ಗೊತ್ತಿತ್ತು ಅಕ್ಕ. ಆದ್ರೆ ಅತ್ತೆ ಅದ್ನ ದ್ಯಾವ್ರ ಪ್ರಸಾದ ಎತ್ತಿಟ್ಟಂಗೆ ಎತ್ತಿಡೋರು. ಯಶು ಒಂದ್ಸತಿ ಕೇಳುದ್ರೆ, ಬ್ಯಾಡ, ಅದು ತೇಜಕ್ಕಂಗೆ ಅನ್ನೋರು. ಇಬ್ರೂ ಮೊಮ್ಮಕ್ಳೇ ಅಲ್ವಾ? ಮಾಡಿ ಮಾಡಿ ಸಾಯೋಳು ನಾನು, ಒಳ್ಳೇದೆಲ್ಲ ಆಸನಕ್ಕೆ ಅಂತ ವಟ್ಟೆ ಅಂಗೆ ಉರಿಯಾದು. ಅತ್ತೆ ಕಾಸಿಟ್ಟು ಆಚೆ ಓದಾಗ ತಗ್ದು..."

ಅವಳು ಮುಂದೆ ಹೇಳಬೇಕಾಗಿರಲಿಲ್ಲ. ಯಮುನಾ ಒದ್ದೆ ಕೈಯನ್ನು ಸೀರೆಗೇ ಒರೆಸಿಕೊಂಡು ಒಳಗೆ ಓಡಿದಳು. ರೂಮಿನಲ್ಲಿ ಯಶಸ್ವಿನಿ ಗೋಡೆಯ ಕಡೆ ಮುಖ ಮಾಡಿ ಮಲಗಿತ್ತು. ತುಟಿ ಒಣಗಿತ್ತು. ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಅದು ಬೇಗ ಇಳಿಯಲಿಲ್ಲ. "ಉಪ್ಪು ಸಕ್ಕರೆ ನೀರು ಕದಡಿ ತಾ, ಕುದಿಸಿದ ನೀರಲ್ಲಿ. ನಂಜುಂಡೇಶಂಗೆ ಹೇಳು ಆಟೋ ಕರೀಲಿ, ಹೊಳೆನರಸೀಪುರಕ್ಕೆ ಕರ್ಕೊಂಡ್ ಹೋಗೋಣ, ಈಗಲೇ," ಎಂದು ಮಗುವನ್ನು ತೊಡೆಯ ಮೇಲೆ ಎತ್ತಿಕೊಂಡಳು. ಕೋಮಲಾ ಅಡುಗೆಮನೆಗೆ ಓಡಿ ನೀರು ತಂದಳು. ಓಡಿ ಬಂದ ರಭಸಕ್ಕೆ ಅವಳ ಕೈಯ ಲೋಟದಿಂದ ನೀರು ತುಳುಕುತ್ತಿತ್ತು. ಯಮುನಾ ಆ ಕೈಯನ್ನು ಲೋಟದ ಸಮೇತ ಹಿಡಿದುಕೊಂಡು ಮಗುವಿನ ಬಾಯಿಗೆ ಚಮಚ ಚಮಚವಾಗಿ ಕುಡಿಸಿದಳು.

ಬೀದಿಯಲ್ಲಿ ಆಟೋ ಬಂದು ನಿಂತ ಸದ್ದಾಯಿತು.

"ಡಾಕ್ಟ್ರು ಕೇಳ್ತಾರೆ, ಮುಚ್ಚಿಡಬೇಡ," ಎಂದಳು ಯಮುನಾ. "ಆ ಹಾಲು ಎಷ್ಟು ಕುಡಿಸ್ತಿದ್ದೆ?"

ಕೋಮಲಾ ಮಗಳ ತಲೆ ನೇವರಿಸುತ್ತಾ ತಲೆ ತಗ್ಗಿಸಿದಳು.

"ಲೆಕ್ಕ ಗೊತ್ತಿಲ್ಲ ಅಕ್ಕ. ತೇಜು ಕುಡಿಯಾದಕ್ಕಿಂತ ಒಂದು ಗುಟುಕಾದ್ರೂ ಜಾಸ್ತಿ ಇರ್ಲಿ ಅಂತ ಕುಡಿಸ್ತಿದ್ದೆ."